ಗಿಳಿ ತನ್ನ ಗರಿ ತಾನೇ ಕಿತ್ತುಕೊಂಡಾಗ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಪ್ರಶ್ನೆಗಳೆಲ್ಲ ಒಂದೇ ತೊಂದರೆಯ ಸುತ್ತ ಇವೆ: ಸಾಕಿದ ಗಿಳಿ ತನ್ನ ಗರಿಗಳನ್ನು ತಾನೇ ಕೀಳುವುದು, ಕಚ್ಚಿ ತುಂಡರಿಸುವುದು. ಇದನ್ನು ಕೆಟ್ಟ ಚಾಳಿ ಎಂದುಕೊಂಡು ಬಿಡಿಸಲು ಹೊರಡುವವರೇ ಹೆಚ್ಚು. ಜ್ವರವನ್ನು ನೋಡುವ ಹಾಗೆ ಇದನ್ನೂ ಒಂದು ಲಕ್ಷಣ ಎಂದು ನೋಡಿ. ಕಾರಣ ಎಲ್ಲಿದೆ ಎಂದು ಮೊದಲು ಹಕ್ಕಿಯ ಮೈಯಲ್ಲಿ ಹುಡುಕಬೇಕು, ಆಮೇಲೆ ಅದರ ದಿನಚರಿಯಲ್ಲಿ. ಈ ಕ್ರಮ ತಪ್ಪಿದರೆ ತಿಂಗಳುಗಟ್ಟಲೆ ಪಟ್ಟ ಶ್ರಮ ವ್ಯರ್ಥವಾಗುತ್ತದೆ.

ಪ್ರಶ್ನೆ: ನಮ್ಮ ಆಫ್ರಿಕನ್ ಗ್ರೇ ಗಿಳಿಗೆ ಆರು ವರ್ಷ. ಎರಡು ತಿಂಗಳಿಂದ ಎದೆ, ತೊಡೆ ಮತ್ತು ರೆಕ್ಕೆಯ ಒಳಭಾಗದ ಗರಿ ಕೀಳುತ್ತಿದೆ. ಎದೆಯ ಮೇಲೆ ಬರೀ ತುಪ್ಪುಳ ಉಳಿದಿದೆ. ತಲೆಯ ಗರಿ ಮಾತ್ರ ಚೆನ್ನಾಗಿದೆ. ನುಸಿ ಇರಬೇಕು ಎಂದು ಅಂಗಡಿಯವರು ಸ್ಪ್ರೇ ಕೊಟ್ಟಿದ್ದಾರೆ. ಹೊಡೆಯಬಹುದೇ?

ಉತ್ತರ: ದಯವಿಟ್ಟು ಹೊಡೆಯಬೇಡಿ. ಮನೆಯೊಳಗೇ ಇರುವ, ಬೇರೆ ಹಕ್ಕಿಗಳ ಸಂಪರ್ಕವಿಲ್ಲದ ಗಿಳಿ ನುಸಿಯ ಕಾಟದಿಂದ ಗರಿ ಕೀಳುವುದು ಬಹಳ ಅಪರೂಪ. ಹಕ್ಕಿಗಳ ಉಸಿರಾಟದ ವ್ಯವಸ್ಥೆ ತುಂಬ ಸೂಕ್ಷ್ಮ, ಕೀಟನಾಶಕದ ಆವಿ ಅವುಗಳಿಗೆ ನಮಗಿಂತ ಬೇಗ ನಾಟುತ್ತದೆ. ಬೋಳಾದ ಚರ್ಮಕ್ಕೆ ಅದು ಬಿದ್ದರೆ ಉರಿಯಾಗಿ ಇನ್ನಷ್ಟು ಕೀಳುತ್ತದೆ. ಪಂಜರಕ್ಕೆ ನೇತುಹಾಕುವ ನುಸಿನಾಶಕ ಬಿಲ್ಲೆಗಳೂ ಬೇಡ.

ತಲೆಯ ಗರಿ ಸರಿಯಾಗಿದೆ ಎಂದು ಬರೆದದ್ದು ತುಂಬ ಉಪಯುಕ್ತ ಮಾಹಿತಿ. ಗಿಳಿಯ ಕೊಕ್ಕು ತಲೆಯೊಂದನ್ನು ಬಿಟ್ಟು ಮೈಯ ಉಳಿದೆಲ್ಲ ಕಡೆಗೂ ಎಟುಕುತ್ತದೆ. ಕತ್ತಿನಿಂದ ಕೆಳಗೆ ಬೋಳಾಗಿ ತಲೆ ತುಂಬಿಕೊಂಡಿದ್ದರೆ ಹಕ್ಕಿ ತಾನೇ ಕೀಳುತ್ತಿದೆ ಎಂದರ್ಥ. ತಲೆಯಲ್ಲೂ ಗರಿ ಇಲ್ಲವಾಗಿದ್ದರೆ ಜೊತೆಯ ಹಕ್ಕಿ ಕಿತ್ತಿರಬೇಕು, ಅಥವಾ ಸರ್ಕೋವೈರಸ್‌ನಿಂದ ಬರುವ ಕೊಕ್ಕು-ಗರಿ ರೋಗದಂಥ ಕಾಯಿಲೆ ಇರಬೇಕು. ಆ ರೋಗದಲ್ಲಿ ಹೊಸ ಗರಿಗಳು ಸೊಟ್ಟಗೆ, ಗಿಡ್ಡಗೆ, ಬುಡದಲ್ಲಿ ಹಿಸುಕಿದಂತೆ ಹುಟ್ಟುತ್ತವೆ.

ಪಂಜರದ ತಳದಲ್ಲಿ ಬಿದ್ದ ಗರಿಗಳನ್ನು ಆರಿಸಿ ಬೆಳಕಿಗೆ ಹಿಡಿದು ನೋಡಿ. ತಾನಾಗಿ ಉದುರಿದ ಗರಿಯ ಬುಡ ಒಣಗಿ, ಚೂಪಾಗಿ, ಸ್ವಚ್ಛವಾಗಿರುತ್ತದೆ. ಕಿತ್ತ ಗರಿಯ ಬುಡದಲ್ಲಿ ಕೆಲವೊಮ್ಮೆ ರಕ್ತದ ಕಲೆ ಇಲ್ಲವೇ ಮೆತ್ತನೆಯ ತಿರುಳು ಅಂಟಿಕೊಂಡಿರುತ್ತದೆ. ಕಚ್ಚಿದ ಗರಿ ನಡುದಂಟಿನಲ್ಲಿ ತುಂಡಾಗಿ, ಅಂಚು ಸೀಳಿರುತ್ತದೆ. ಗರಿಗೆ ಅಡ್ಡಲಾಗಿ ತೆಳು ಗೆರೆಗಳು ಕಂಡರೆ ಅದು ಬೆಳೆಯುತ್ತಿದ್ದ ಹೊತ್ತಿನಲ್ಲಿ ಹಕ್ಕಿ ಕಾಯಿಲೆ, ಅಪೌಷ್ಟಿಕತೆ ಅಥವಾ ಒತ್ತಡದಲ್ಲಿತ್ತು ಎಂದು ತಿಳಿಯಬಹುದು. ವರ್ಷಕ್ಕೊಮ್ಮೆ ಗರಿ ಬದಲಾಗುವಾಗ ಎರಡೂ ಬದಿಯಲ್ಲಿ ಸಮನಾಗಿ ಉದುರುತ್ತದೆ. ಆಗ ಹೊಸ ಪಿನ್ ಫೆದರ್‌ಗಳು, ಅಂದರೆ ಕವಚದೊಳಗೆ ಮೂಡುತ್ತಿರುವ ಎಳೆಯ ಗರಿಗಳು ಕಾಣುತ್ತವೆ, ಚರ್ಮ ಬೋಳಾಗುವುದಿಲ್ಲ.

ಎರಡು ತಿಂಗಳಾಗಿರುವುದರಿಂದ ಇನ್ನು ಕಾಯುವುದು ಬೇಡ. ಹಕ್ಕಿಗಳ ಅನುಭವವಿರುವ ಪಶುವೈದ್ಯರಿಗೆ ತೋರಿಸಿ. ಯಕೃತ್ತಿನ ತೊಂದರೆ, ಚರ್ಮದ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಸೋಂಕು, ಸತು ಅಥವಾ ಸೀಸದ ವಿಷ, ಕ್ಯಾಲ್ಸಿಯಂ ಕೊರತೆ, ಚರ್ಮದ ಕೆಳಗೆ ಎಲ್ಲೋ ಇರುವ ನೋವು, ಇವೆಲ್ಲ ಗರಿ ಕೀಳಿಸುತ್ತವೆ. ಒಂದೇ ಜಾಗವನ್ನು, ಅದರಲ್ಲೂ ಒಂದೇ ಬದಿಯಲ್ಲಿ, ಪದೇ ಪದೇ ಕೀಳುತ್ತಿದ್ದರೆ ಅದರಡಿಯ ಕೀಲಿನಲ್ಲೋ ಅಂಗದಲ್ಲೋ ನೋವಿದೆಯೇ ಎಂದು ನೋಡಬೇಕಾಗುತ್ತದೆ. ಕಾಕಟೀಲ್ ಮತ್ತು ಬಜರಿಗರ್ ಎಂಬ ಚಿಕ್ಕ ಗಿಳಿಗಳಲ್ಲಿ ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿ ಮೈ ತುರಿಸುವಂತೆ ಮಾಡುತ್ತದೆ. ಅದು ಹಿಕ್ಕೆಯಲ್ಲಿ ದಿನವೂ ಬರುವುದಿಲ್ಲವಾದ್ದರಿಂದ ಒಂದು ಮಾದರಿಯಲ್ಲಿ ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲ ಎನ್ನಲಾಗದು. ಬೇರೆ ಬೇರೆ ದಿನದ ಮಾದರಿ ಕೊಡಬೇಕು.

ವೈದ್ಯರಲ್ಲಿಗೆ ಹೋಗುವಾಗ ಅಂದು ಬೆಳಗಿನ ಹಿಕ್ಕೆಯನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಸಂಗ್ರಹಿಸಿ ಒಯ್ಯಿರಿ. ಪತ್ರಿಕೆಯ ಕಾಗದ ತೇವವನ್ನೆಲ್ಲ ಹೀರಿಕೊಂಡರೆ ಪರೀಕ್ಷೆಗೆ ಏನೂ ಉಳಿಯುವುದಿಲ್ಲ. ಬಿದ್ದ ಗರಿಗಳು, ಪಂಜರದ ನಾಲ್ಕೂ ಬದಿಯ ಫೋಟೊ, ಗರಿ ಕೀಳುವಾಗಿನ ವಿಡಿಯೊ, ಒಂದು ವಾರ ತಿಂದದ್ದರ ಪಟ್ಟಿ ಜೊತೆಗಿರಲಿ. ರಕ್ತ ಪರೀಕ್ಷೆ, ಹಿಕ್ಕೆಯ ಸೂಕ್ಷ್ಮದರ್ಶಕ ಪರೀಕ್ಷೆ, ಎಕ್ಸ್‌ರೇ, ಸರ್ಕೋವೈರಸ್‌ಗೆ ಪಿಸಿಆರ್, ರಕ್ತದಲ್ಲಿ ಸತು ಮತ್ತು ಸೀಸದ ಪ್ರಮಾಣ, ಇಷ್ಟು ಸಾಮಾನ್ಯವಾಗಿ ಮಾಡುವ ಪರೀಕ್ಷೆಗಳು. ಇವುಗಳಲ್ಲಿ ಏನೂ ಸಿಗದಿದ್ದರೆ ಚರ್ಮದ ಚಿಕ್ಕ ಚೂರು ತೆಗೆದು ಪರೀಕ್ಷಿಸಬಹುದು. ಕಿತ್ತ ಜಾಗದಿಂದ ಒಂದು, ಕೊಕ್ಕು ಎಟುಕದ ಆರೋಗ್ಯವಂತ ಜಾಗದಿಂದ ಒಂದು ತೆಗೆದು ಹೋಲಿಸಿದರೆ ಚರ್ಮಕ್ಕೇ ರೋಗವಿದೆಯೇ, ಹಕ್ಕಿ ಕಿತ್ತದ್ದರಿಂದ ಹೀಗಾಗಿದೆಯೇ ಎಂಬುದು ಹೆಚ್ಚು ಸ್ಪಷ್ಟವಾಗುತ್ತದೆ.

ಅಷ್ಟರೊಳಗೆ ಮನೆಯಲ್ಲಿ ಮೂರು ವಿಷಯ ನೋಡಿಕೊಳ್ಳಿ. ಪಂಜರದ ತಂತಿಗೆ ಸತುವಿನ ಲೇಪವಿದ್ದು ಅದು ಪುಡಿಪುಡಿಯಾಗಿ ಏಳುತ್ತಿದೆಯೇ, ಆಟಿಕೆಯ ಸರಪಳಿ, ಗಂಟೆಯ ನಾಲಗೆ, ಕೊಂಡಿಗಳನ್ನು ಗಿಳಿ ಕಚ್ಚುತ್ತಿದೆಯೇ? ಸ್ಟೇನ್‌ಲೆಸ್ ಸ್ಟೀಲ್ ಆದರೆ ಆ ಚಿಂತೆಯಿಲ್ಲ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಾರೆಯೇ? ಹೊಗೆಯ ಜೊತೆಗೆ ಸೇದಿದವರ ಬೆರಳಿಗೆ ಅಂಟಿದ ನಿಕೋಟಿನ್ ಕೂಡ ಗಿಳಿಯ ಗರಿಗೂ ಕಾಲಿಗೂ ತಾಗಿ ತುರಿಕೆ ತರುತ್ತದೆ. ಇತ್ತೀಚೆಗೆ ರೆಕ್ಕೆ ಕತ್ತರಿಸಿದ್ದೀರಾ? ಒರಟಾಗಿ ಕತ್ತರಿಸಿದ ದಂಟಿನ ತುದಿ ಪ್ರತಿ ಸಲ ರೆಕ್ಕೆ ಮಡಚಿದಾಗಲೂ ಪಕ್ಕೆಗೆ ಚುಚ್ಚುತ್ತದೆ. ಗಿಳಿ ಅದನ್ನು ಸರಿಪಡಿಸಲು ಕಚ್ಚತೊಡಗಿ, ಅಲ್ಲಿಂದಲೇ ಕೀಳುವುದು ಶುರುವಾಗುವುದುಂಟು.

ಪ್ರಶ್ನೆ: ಎಲ್ಲ ಪರೀಕ್ಷೆಗಳೂ ಸರಿಯಾಗಿವೆ. ‘ಬೇಸರದಿಂದ ಕೀಳುತ್ತಿದೆ, ಆಟಿಕೆ ಕೊಡಿ’ ಎಂದು ವೈದ್ಯರು ಹೇಳಿದರು. ಐದಾರು ಆಟಿಕೆ ತಂದು ಹಾಕಿದೆವು, ಮುಟ್ಟಿಯೂ ನೋಡುವುದಿಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಮನೆಯಲ್ಲಿ ಯಾರೂ ಇರುವುದಿಲ್ಲ. ಏನು ಮಾಡೋಣ?

ಉತ್ತರ: ಮೊದಲು ಎರಡು ವಾರ ಏನನ್ನೂ ಬದಲಿಸದೆ ಒಂದು ದಿನಚರಿ ಬರೆಯಿರಿ. ಹಳೆಯ ಫೋನನ್ನು ಪಂಜರದ ಕಡೆಗೆ ತಿರುಗಿಸಿಟ್ಟು ಹೋದರೆ ಸಾಕು. ಎಷ್ಟು ಗಂಟೆಗೆ ಕಿತ್ತಿತು, ಅದಕ್ಕೆ ಐದು ನಿಮಿಷ ಮೊದಲು ಏನಾಯಿತು, ಮೈಯ ಯಾವ ಭಾಗ, ಆಮೇಲೆ ಏನಾಯಿತು ಎಂದು ನಾಲ್ಕು ಕಲಂ ಹಾಕಿಕೊಳ್ಳಿ. ನೀವು ಬಾಗಿಲು ಹಾಕಿದ ಕೂಡಲೇ ಶುರುವಾದರೆ ಅದು ಒಂಟಿತನದ ಗಾಬರಿ. ಮಧ್ಯಾಹ್ನ ಊಟದ ಬಟ್ಟಲು ಖಾಲಿಯಾದ ಮೇಲೆ ಶುರುವಾದರೆ ಕೆಲಸವಿಲ್ಲದ ಹೊತ್ತು. ರಾತ್ರಿ ದೀಪ ಉರಿಯುತ್ತಿರುವಾಗ ಕೀಳುತ್ತಿದ್ದರೆ ನಿದ್ದೆಗೇಡು. ಮೂರಕ್ಕೂ ಪರಿಹಾರ ಬೇರೆ ಬೇರೆ, ಬೇಸರ ಎಂಬ ಒಂದೇ ಮಾತಿನಲ್ಲಿ ಇವನ್ನು ಕಟ್ಟಲಾಗದು.

ಕೆಲಸವಿಲ್ಲದ ಹೊತ್ತಿನ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಹೆಚ್ಚು ಫಲ ಸಿಗುವುದು ಅಲ್ಲಿಯೇ. ಕಾಡಿನ ಗಿಳಿ ದಿನದ ಹಲವು ಗಂಟೆಗಳನ್ನು ಆಹಾರ ಹುಡುಕುವುದರಲ್ಲಿ, ಸಿಪ್ಪೆ ಸುಲಿಯುವುದರಲ್ಲಿ, ತೊಗಟೆ ಬಗೆಯುವುದರಲ್ಲಿ ಕಳೆಯುತ್ತದೆ. ಬಟ್ಟಲಲ್ಲಿ ಇಟ್ಟ ಊಟ ಅರ್ಧ ಗಂಟೆಯಲ್ಲಿ ಮುಗಿದರೆ ಉಳಿದ ಹೊತ್ತಿಗೆ ಕೊಕ್ಕಿಗೆ ಸಿಗುವ ವಸ್ತು ಸ್ವಂತ ಗರಿ. 2003ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಅಧ್ಯಯನ ಎಳೆಯ ಅಮೆಜಾನ್ ಗಿಳಿಗಳ ಮೇಲೆ ಇದನ್ನೇ ಪರೀಕ್ಷಿಸಿತು. ಆಹಾರವನ್ನು ಹುಡುಕಿ ತೆಗೆಯುವ ಸಾಧನಗಳು, ಹತ್ತಲು ಕಚ್ಚಲು ಬಗೆಬಗೆಯ ವಸ್ತುಗಳಿದ್ದ ಪಂಜರದ ಗಿಳಿಗಳ ಗರಿ ಚೆನ್ನಾಗಿ ಉಳಿಯಿತು. ಬರಿಯ ಪಂಜರದಲ್ಲಿ ಕೀಳಲು ಶುರುಮಾಡಿದ್ದ ಗಿಳಿಗಳಿಗೂ ಅದೇ ಸೌಕರ್ಯ ಕೊಟ್ಟಾಗ ಗರಿಯ ಸ್ಥಿತಿ ಸುಧಾರಿಸಿತು.

ನಿಮ್ಮ ಗಿಳಿ ಆಟಿಕೆ ಮುಟ್ಟದಿರುವುದಕ್ಕೆ ಕಾರಣ ಎರಡು ಇರಬಹುದು. ಒಂದು, ಹೆದರಿಕೆ. ಆಫ್ರಿಕನ್ ಗ್ರೇಯಂಥ ಗಿಳಿಗಳಿಗೆ ಹೊಸ ವಸ್ತು ಎಂದರೆ ಮೊದಲು ಭಯ. ಕೂರುವ ಕಡ್ಡಿಯ ಪಕ್ಕದಲ್ಲೇ ದಿಢೀರನೆ ಐದು ಆಟಿಕೆ ತೂಗಿದರೆ ಪಂಜರವೇ ಅಪಾಯದ ಜಾಗವಾಗಿಬಿಡುತ್ತದೆ. ಎಲ್ಲವನ್ನೂ ತೆಗೆಯಿರಿ. ಒಂದನ್ನು ಪಂಜರದಿಂದ ಎರಡು ಮೀಟರ್ ದೂರದ ಮೇಜಿನ ಮೇಲಿಟ್ಟು, ನೀವೇ ಕೈಯಲ್ಲಿ ಹಿಡಿದು ಆಡಿ. ಗಿಳಿ ಕತ್ತು ಚಾಚದೆ, ಗರಿ ಮೈಗೆ ಒತ್ತಿಕೊಳ್ಳದೆ ನಿರಾಳವಾಗಿ ಕುಳಿತಿರುವಷ್ಟು ದೂರ ನೋಡಿಕೊಂಡು ದಿನಕ್ಕೆ ಒಂದು ಗೇಣು ಹತ್ತಿರ ತನ್ನಿ. ಎರಡನೆಯದು, ಕಷ್ಟ. ಮುಚ್ಚಿದ ಡಬ್ಬಿಯಿಂದ ಕಾಳು ತೆಗೆಯಬೇಕೆಂದು ಅದಕ್ಕೆ ಯಾರೂ ಕಲಿಸಿಲ್ಲ.

ಕಲಿಸುವ ಕ್ರಮ ಹೀಗಿರಲಿ. ಮೊದಲ ಹಂತದಲ್ಲಿ ಬಟ್ಟಲಿನ ಊಟದ ಮೇಲೆ ಶಾಯಿ ಇಲ್ಲದ ಬಿಳಿ ಕಾಗದದ ಚೂರುಗಳನ್ನು ಅರ್ಧ ಮುಚ್ಚುವಂತೆ ಹರಡಿ, ಊಟ ಕಾಣುತ್ತಿರಲಿ. ಆರಾಮಾಗಿ ಬಗೆದು ತಿನ್ನತೊಡಗಿದ ಮೇಲೆ ಪೂರ್ತಿ ಮುಚ್ಚಿ. ಎರಡನೆಯ ಹಂತದಲ್ಲಿ ಅದರ ಕಣ್ಣೆದುರೇ ಅಚ್ಚುಮೆಚ್ಚಿನ ಒಂದು ಕಾಳನ್ನು ಕಾಗದದಲ್ಲಿಟ್ಟು ಸಡಿಲವಾಗಿ ಸುತ್ತಿ ಕೊಡಿ, ದಿನಕಳೆದಂತೆ ಸುತ್ತುವುದನ್ನು ಬಿಗಿ ಮಾಡಿ. ಮೂರನೆಯದು, ಚಿಕ್ಕ ರಟ್ಟಿನ ಪೆಟ್ಟಿಗೆಯಲ್ಲಿ ಹತ್ತಾರು ಕಾಗದದ ಉಂಡೆ, ನಾಲ್ಕೈದರಲ್ಲಿ ಮಾತ್ರ ಊಟ. ನಾಲ್ಕನೆಯದು, ಪಂಜರದ ಬೇರೆ ಬೇರೆ ಎತ್ತರದಲ್ಲಿ ಸ್ಟೀಲ್ ಕಡ್ಡಿಗೆ ಸಿಕ್ಕಿಸಿದ ತರಕಾರಿ, ತೂತು ಕೊರೆದ ಮರದ ತುಂಡಿನಲ್ಲಿ ತುರುಕಿದ ಕಾಳು. ಹಿಂದಿನ ಹಂತ ಸಲೀಸಾಗುವ ತನಕ ಮುಂದಿನದಕ್ಕೆ ಹೋಗಬೇಡಿ. ಬಟ್ಟಲನ್ನು ಒಮ್ಮೆಲೇ ತೆಗೆದು ಹಸಿವಿನಿಂದ ಕಲಿಸಲು ಹೊರಟರೆ ಗಿಳಿ ಕಂಗಾಲಾಗಿ ಇನ್ನಷ್ಟು ಕೀಳುತ್ತದೆ. ದಿನದ ಊಟದಲ್ಲಿ ಮೊದಲು ಕಾಲು ಪಾಲು, ಕ್ರಮೇಣ ಅರ್ಧದಷ್ಟು ಹುಡುಕಿ ತಿನ್ನುವ ಬಗೆಯಲ್ಲಿ ಸಿಗಲಿ. ಅದರ ದೊಡ್ಡ ಭಾಗವನ್ನು ನೀವು ಹೊರಡುವ ಹತ್ತು ನಿಮಿಷ ಮೊದಲು ಕೊಡಿ. ಆಗ ನಿಮ್ಮ ನಿರ್ಗಮನದ ಹೊತ್ತಿಗೆ ಗಿಳಿಯ ಕೊಕ್ಕು ಕೆಲಸದಲ್ಲಿರುತ್ತದೆ.

ಗರಿಯ ಹಾಗೆಯೇ ಸೀಳಲು, ನವಿರಾಗಿ ಕಚ್ಚಿ ಎಳೆಯಲು ಬರುವ ವಸ್ತುಗಳೂ ಬೇಕು. ಬಣ್ಣ ಹಾಕದ ತಾಳೆಗರಿಯ ಪಟ್ಟಿ, ಹದ ಮಾಡುವಾಗ ರಾಸಾಯನಿಕ ಬಳಸದ ತೊಗಲಿನ ತುಂಡು, ಮೆತ್ತನೆಯ ಮರ, ಗಟ್ಟಿ ಕಾಗದ ಒಳ್ಳೆಯವು. ಉದ್ದನೆಯ ಹತ್ತಿ ಹಗ್ಗ ಬೇಡ. ಎಳೆ ಬಿಚ್ಚಿಕೊಂಡು ಬೆರಳಿಗೆ ಸುತ್ತಿದರೆ ರಕ್ತ ಸಂಚಾರ ನಿಲ್ಲುತ್ತದೆ, ನುಂಗಿದರೆ ಜಠರದಲ್ಲಿ ಗಂಟಾಗುತ್ತದೆ. ರಟ್ಟಿನ ಪೆಟ್ಟಿಗೆಯ ಪಿನ್ನು, ಟೇಪು, ಗೋಂದನ್ನು ಮರೆಯದೆ ತೆಗೆಯಿರಿ. ಒಂದು ಹೊತ್ತಿಗೆ ಮೂರು ನಾಲ್ಕು ವಸ್ತು ಸಾಕು, ವಾರಕ್ಕೊಮ್ಮೆ ಒಂದೆರಡನ್ನು ಬದಲಿಸಿ.

ನಿದ್ದೆಗೆ ಕತ್ತಲೆಯ, ಸದ್ದಿಲ್ಲದ 10ರಿಂದ 12 ಗಂಟೆ ಬೇಕು. ಟಿವಿ ಇರುವ ಕೋಣೆಯಲ್ಲಿ ಪಂಜರಕ್ಕೆ ಬಟ್ಟೆ ಹೊದಿಸಿದರೆ ಬೆಳಕು ಕಡಿಮೆಯಾದೀತು, ಸದ್ದು ನಿಲ್ಲುವುದಿಲ್ಲ. ಮಲಗಲು ಬೇರೆ ಕೋಣೆಯಲ್ಲಿ ಚಿಕ್ಕ ಪಂಜರ ಇಟ್ಟರೆ ಒಳ್ಳೆಯದು. ಹಗಲಿನ ಪಂಜರದ ಒಂದು ಬದಿಯಾದರೂ ಗೋಡೆಗೆ ಆನಿಕೊಂಡಿರಲಿ. ನಾಲ್ಕೂ ಕಡೆ ತೆರೆದಿದ್ದರೆ ಬೆನ್ನ ಹಿಂದಿನ ಅಪಾಯವನ್ನು ಗಿಳಿ ಸದಾ ಕಾಯುತ್ತಿರಬೇಕಾಗುತ್ತದೆ. ಮನೆಯಲ್ಲಿ ಜನರಿರುವಾಗ ಎರಡು ಗಂಟೆಯಾದರೂ ಹೊರಗೆ ಬಿಡಿ, ಫ್ಯಾನು ಆರಿಸಿ ಕಿಟಕಿ ಮುಚ್ಚಿರಿ.

ಸ್ನಾನವನ್ನು ಹಲವರು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಒಣ ಗಾಳಿಯಲ್ಲಿ ಚರ್ಮ ಬಿರಿದು ತುರಿಸುತ್ತದೆ, ಬೆಳೆಯುವ ಗರಿಯ ಕವಚ ಬಿರುಸಾಗಿ ಕಳಚುವುದಿಲ್ಲ. ವಾರಕ್ಕೆ ಮೂರು ನಾಲ್ಕು ಸಲ, ಕೋಣೆ ತೀರ ಒಣಗಿದ್ದರೆ ದಿನವೂ, ಬೆಳಗಿನ ಹೊತ್ತು ಉಗುರುಬೆಚ್ಚಗಿನ ಬರಿಯ ನೀರನ್ನು ತುಂತುರಾಗಿ ಸಿಂಪಡಿಸಿ. ಮುಖಕ್ಕೆ ನೇರವಾಗಿ ಹೊಡೆಯಬೇಡಿ. ತಲೆಯ ಮೇಲಿನ ಗಾಳಿಗೆ ಹೊಡೆದರೆ ಮಳೆಯಂತೆ ಇಳಿಯುತ್ತದೆ. ಸಂಜೆಯ ಸ್ನಾನ ಬೇಡ, ಮಲಗುವ ಮುನ್ನ ಮೈ ಆರಬೇಕು. ಹೇರ್ ಡ್ರೈಯರ್ ಹಿಡಿಯಬೇಡಿ, ಕೆಲವದರ ಒಳಗೆ ನಾನ್‌ಸ್ಟಿಕ್ ಲೇಪವಿರುತ್ತದೆ, ಅದು ಅತಿಯಾಗಿ ಕಾದು ಹೊಮ್ಮುವ ಹೊಗೆ ಗಿಳಿಯನ್ನು ಕೊಲ್ಲಬಲ್ಲದು. ಎಣ್ಣೆ, ಸೋಪು, ಮುಲಾಮು ಯಾವುದೂ ಬೇಡ. ಜಿಡ್ಡು ಹತ್ತಿದ ಗರಿ ಮೈಯ ಬಿಸಿ ಹಿಡಿದಿಡುವುದಿಲ್ಲ, ಅದನ್ನು ತೆಗೆಯಲು ಗಿಳಿ ಮತ್ತೆ ಕೀಳುತ್ತದೆ. ಕೋಣೆಯ ತೇವಾಂಶ ಶೇ. 50ರಿಂದ 60ರಷ್ಟಿರಲಿ. ಗಾಜಿನ ಕಿಟಕಿಯಿಂದ ಬರುವ ಬಿಸಿಲಿನಲ್ಲಿ ಮೈಯಲ್ಲಿ ವಿಟಮಿನ್ ಡಿ ತಯಾರಾಗಲು ಬೇಕಾದ ಯುವಿಬಿ ಕಿರಣ ಇರುವುದಿಲ್ಲ. ಹಿತವಾದ ಬಿಸಿಲಿನಲ್ಲಿ ಅರ್ಧ ಪಂಜರಕ್ಕೆ ನೆರಳಿರುವಂತೆ ಇಟ್ಟು, ಪಕ್ಕದಲ್ಲಿ ನಿಂತು 20ರಿಂದ 30 ನಿಮಿಷ ಹೊರಗೆ ಕೂರಿಸಿ.

ಇಷ್ಟನ್ನೂ ಒಂದೇ ದಿನ ಮಾಡಬೇಡಿ. ಬದಲಾವಣೆಯೇ ಒತ್ತಡ ತರುತ್ತದೆ, ಯಾವುದು ಫಲ ಕೊಟ್ಟಿತೆಂದೂ ತಿಳಿಯುವುದಿಲ್ಲ. ನಿದ್ದೆ ಮತ್ತು ಸ್ನಾನದಿಂದ ಶುರುಮಾಡಿ, ಅವು ಒಗ್ಗಿದ ಮೇಲೆ ಹುಡುಕಿ ತಿನ್ನುವ ಕೆಲಸ ಸೇರಿಸಿ.

ಪ್ರಶ್ನೆ: ಕೀಳಲು ಶುರುಮಾಡಿದ ಕೂಡಲೇ ಓಡಿಹೋಗಿ ‘ಬೇಡ ಮರಿ’ ಎನ್ನುತ್ತೇವೆ. ಆ ಕ್ಷಣಕ್ಕೆ ನಿಲ್ಲಿಸುತ್ತದೆ, ಮತ್ತೆ ಶುರು. ಗದರಿಸಬೇಕೆ?

ಉತ್ತರ: ಗದರಿಸುವುದೂ ಬೇಡ, ಓಡಿಹೋಗುವುದೂ ಬೇಡ. ಗರಿ ಕಿತ್ತರೆ ಮನೆಯವರು ಬರುತ್ತಾರೆ ಎಂದು ಗಿಳಿ ಬೇಗ ಕಲಿಯುತ್ತದೆ. ಕಾರಣ ಬೇರೆಯೇ ಇದ್ದರೂ ಈ ಪಾಠ ಅದನ್ನು ಗಟ್ಟಿಮಾಡುತ್ತದೆ. ಕೀಳುವಾಗ ಆ ಕಡೆ ನೋಡದೆ, ಹೆಸರು ಕರೆಯದೆ, ಕೋಣೆಯ ಇನ್ನೊಂದು ಮೂಲೆಯಲ್ಲಿ ಕಾಗದ ಸರಪರ ಮಾಡುವಂಥ ಸಣ್ಣ ಸದ್ದು ಮಾಡಿ. ಗಿಳಿ ತಲೆಯೆತ್ತಿ ನೋಡಿ ಬೇರೇನಾದರೂ ಮಾಡತೊಡಗಿದರೆ, ಕೆಲವು ಸೆಕೆಂಡು ಕಳೆದ ಮೇಲೆ ಮಾತನಾಡಿಸಿ, ಒಂದು ಕಾಳು ಕೊಡಿ. ಇನ್ನೂ ಮುಖ್ಯವಾದದ್ದು, ಅದು ಸುಮ್ಮನೆ ಆಡುತ್ತಿರುವಾಗ, ತಿನ್ನುತ್ತಿರುವಾಗ, ಗರಿಯನ್ನು ಕೀಳದೆ ನೇವರಿಸಿ ತೀಡಿಕೊಳ್ಳುತ್ತಿರುವಾಗ ಹತ್ತಿರ ಹೋಗಿ ಮಾತನಾಡಿಸುವುದು. ನಾವು ಮರೆಯುವುದು ಆ ಹೊತ್ತನ್ನೇ.

ಪ್ರಶ್ನೆ: ನಮ್ಮ ಕಾನ್ಯೂರ್ ಗಿಳಿ ಸೂರ್ಯಕಾಂತಿ ಬೀಜ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಗರಿ ಕೀಳುವುದಕ್ಕೂ ಇದಕ್ಕೂ ಸಂಬಂಧವಿದೆಯೇ? ನೀರಿಗೆ ವಿಟಮಿನ್ ಹನಿ ಹಾಕುತ್ತಿದ್ದೇವೆ.

ಉತ್ತರ: ಇದೆ. ಬೀಜದಲ್ಲಿ ಕೊಬ್ಬು ಹೆಚ್ಚು, ವಿಟಮಿನ್ ಎ ಮತ್ತು ಕ್ಯಾಲ್ಸಿಯಂ ತೀರ ಕಡಿಮೆ. ವಿಟಮಿನ್ ಎ ಕೊರತೆಯಲ್ಲಿ ಚರ್ಮ ಒಣಗಿ ದಪ್ಪವಾಗುತ್ತದೆ, ಗರಿಯ ಗುಣಮಟ್ಟ ಕುಸಿಯುತ್ತದೆ. ಕೊಬ್ಬಿನಿಂದ ಯಕೃತ್ತು ಕೆಡುತ್ತದೆ. ನೀರಿನ ವಿಟಮಿನ್ ಹನಿಯನ್ನು ನಿಲ್ಲಿಸಿ. ಬೆಳಕಿಗೆ ಬೇಗ ಹಾಳಾಗುತ್ತದೆ, ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ, ರುಚಿ ಕೆಟ್ಟು ಗಿಳಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತದೆ.

ಊಟ ಬದಲಿಸಲು ಗ್ರಾಮ್ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದೆ ಶುರುಮಾಡಬೇಡಿ. ದಿನವೂ ಬೆಳಿಗ್ಗೆ ಮೊದಲ ಹಿಕ್ಕೆ ಹಾಕಿದ ಮೇಲೆ, ಊಟಕ್ಕೆ ಮುಂಚೆ ತೂಗಿ ಬರೆದಿಡಿ. 110 ಗ್ರಾಮಿನ ಹಕ್ಕಿ ಐದಾರು ಗ್ರಾಮ್ ಇಳಿದರೆ ಒಂದು ಹೆಜ್ಜೆ ಹಿಂದೆ ಹೋಗಿ. 11 ಗ್ರಾಮ್, ಅಂದರೆ ಶೇ. 10 ಇಳಿದರೆ ಹಳೆಯ ಊಟವನ್ನೇ ಕೊಟ್ಟು ವೈದ್ಯರಿಗೆ ತೋರಿಸಿ. ಬೀಜದ ಜೊತೆ ಪೆಲೆಟ್ (ಪೋಷಕಾಂಶ ಸೇರಿಸಿ ಗುಳಿಗೆಯಂತೆ ಮಾಡಿದ ಹಕ್ಕಿ ಆಹಾರ) ಬೆರೆಸಿಟ್ಟರೆ ಬೀಜ ಆರಿಸಿ ತಿಂದು ಪೆಲೆಟ್ ಎಸೆಯುತ್ತದೆ. ಅದರ ಬದಲು ಬೆಳಿಗ್ಗೆ ಹಸಿದಿರುವಾಗ ಒಂದು ಗಂಟೆ ಪೆಲೆಟ್ ಮತ್ತು ಸಣ್ಣಗೆ ಹೆಚ್ಚಿದ ತರಕಾರಿ ಮಾತ್ರ ಇಡಿ, ಆಮೇಲೆ ಅಳೆದ ಬೀಜ ಕೊಡಿ. ಪೆಲೆಟ್ ಪುಡಿಯನ್ನು ಒದ್ದೆ ತರಕಾರಿಗೆ ಹೊರಳಿಸಿದರೆ ರುಚಿ ಪರಿಚಯವಾಗುತ್ತದೆ. ನೀವು ಅದರೆದುರು ಕ್ಯಾರೆಟ್ ಕಚ್ಚಿ ತಿಂದರೆ ಅದಕ್ಕೂ ಬೇಕೆನಿಸುತ್ತದೆ. ಹಿಕ್ಕೆಯಲ್ಲಿ ಹಸಿರೋ ಕಂದೋ ಗಟ್ಟಿ ಭಾಗ ಎಂದಿನಷ್ಟೇ ಬರುತ್ತಿದ್ದರೆ ತಿನ್ನುತ್ತಿದೆ. ಬರೀ ಬಿಳಿ ಮತ್ತು ನೀರು ಬಂದರೆ ಪೆಲೆಟ್ ಪುಡಿಮಾಡಿದೆ ಅಷ್ಟೆ, ಹೊಟ್ಟೆಗೆ ಹೋಗಿಲ್ಲ.

ಒಂದೆರಡು ತಿಂಗಳು ಹಿಡಿದರೂ ಸರಿ. ಕೊನೆಗೆ ಪೆಲೆಟ್ ಶೇ. 60ರಿಂದ 70, ಕಡುಹಸಿರು ಸೊಪ್ಪು, ಕ್ಯಾರೆಟ್, ಸಿಹಿಗುಂಬಳದಂಥ ತರಕಾರಿ ಶೇ. 20ರಿಂದ 30, ಬೀಜ ಬಹುಮಾನದ ಮಟ್ಟಿಗೆ ಇರಲಿ. ಎಕ್ಲೆಕ್ಟಸ್ ಜಾತಿಗೆ ತರಕಾರಿಯ ಪಾಲು ಇನ್ನೂ ಹೆಚ್ಚು ಬೇಕು. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ, ಉಪ್ಪು ಹಾಕಿದ ತಿಂಡಿ, ಈರುಳ್ಳಿ ಬೇಡವೇ ಬೇಡ.

ಪ್ರಶ್ನೆ: ಕತ್ತಿಗೆ ಕಾಲರ್ ಹಾಕಿದರೆ ನಿಲ್ಲುತ್ತದಲ್ಲವೇ? ಕಹಿ ಸ್ಪ್ರೇ, ಮಾನಸಿಕ ಒತ್ತಡದ ಮಾತ್ರೆಗಳೂ ಇವೆ ಎನ್ನುತ್ತಾರೆ.

ಉತ್ತರ: ಕಾಲರ್ ಹಾಕಿರುವಷ್ಟು ಹೊತ್ತು ಕೊಕ್ಕು ಗರಿಗೆ ತಾಗುವುದಿಲ್ಲ, ಅಷ್ಟೆ. ತುರಿಕೆಯೋ ನೋವೋ ಗಾಬರಿಯೋ ಹಾಗೆಯೇ ಉಳಿಯುತ್ತದೆ. ಜೊತೆಗೆ ಗಿಳಿ ತೋಲ ತಪ್ಪಿ ಬೀಳುತ್ತದೆ, ಊಟ ಬಿಡುತ್ತದೆ, ಉಳಿದ ಗರಿಯನ್ನೂ ತೀಡಿಕೊಳ್ಳಲಾಗದೆ ಒದ್ದಾಡುತ್ತದೆ. ತೆಗೆದ ದಿನವೇ ಮತ್ತೆ ಕೀಳುತ್ತದೆ. ಕಾಲರ್ ನಿಜವಾಗಿ ಬೇಕಾಗುವುದು ಗರಿ ದಾಟಿ ಚರ್ಮ, ಮಾಂಸವನ್ನೇ ಕಚ್ಚತೊಡಗಿದಾಗ. ಕಾಕಟೂಗಳು ಎದೆಯಲ್ಲಿ, ಲವ್‌ಬರ್ಡ್‌ಗಳು ರೆಕ್ಕೆಯ ಸಂದಿನಲ್ಲಿ ಹೀಗೆ ಗಾಯ ಮಾಡಿಕೊಳ್ಳುವುದುಂಟು. ಆಗ ಅದು ತುರ್ತು ಸಂದರ್ಭ, ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಕಾಲರ್ ಹಾಕಿ, ನಡೆದಾಡಿ ಊಟ ಮಾಡುವುದನ್ನು ನೋಡಿದ ಮೇಲೆಯೇ ಮನೆಗೆ ಕರೆತನ್ನಿ.

ಕಹಿ ಸ್ಪ್ರೇ ಬಳಸಬೇಡಿ. ಕೊಕ್ಕಿನಿಂದ ಗರಿ ತೀಡಿಕೊಳ್ಳುವುದು ಆರೋಗ್ಯವಂತ ಗಿಳಿಯ ನಿತ್ಯದ ಕೆಲಸ, ಅದನ್ನೇ ಶಿಕ್ಷೆಯಾಗಿಸಿದಂತಾಗುತ್ತದೆ.

ಮಾತ್ರೆಗಳಿಗೆ ಅವುಗಳದೇ ಜಾಗವಿದೆ. ಕ್ಲೊಮಿಪ್ರಮಿನ್, ಫ್ಲುಯೊಕ್ಸೆಟಿನ್, ಹ್ಯಾಲೊಪೆರಿಡಾಲ್‌ಗಳನ್ನು ವೈದ್ಯರು ಬಳಸುತ್ತಾರೆ. ಕಾಕಟೂಗಳಲ್ಲಿ ಕ್ಲೊಮಿಪ್ರಮಿನ್ ಕೊಟ್ಟು, ಔಷಧವಿಲ್ಲದ ದ್ರವ ಕೊಟ್ಟ ಹಕ್ಕಿಗಳ ಜೊತೆ ಹೋಲಿಸಿದ 2004ರ ಅಧ್ಯಯನದಲ್ಲಿ ಔಷಧ ಪಡೆದವು ಹೆಚ್ಚು ಸುಧಾರಿಸಿದವು. ಆದರೆ ದಿನಚರಿ ಬದಲಾಗದೆ ಬರೀ ಮಾತ್ರೆಯಿಂದ ಬಂದ ಗುಣ ಮಾತ್ರೆ ನಿಂತಾಗ ಹೋಗುತ್ತದೆ. ಮನುಷ್ಯರ ಮಾತ್ರೆಯನ್ನು ಅಂದಾಜಿನಲ್ಲಿ ಪುಡಿಮಾಡಿ ಕೊಡುವುದು ಜೀವಕ್ಕೇ ಅಪಾಯ.

ಪ್ರಶ್ನೆ: ನಿನ್ನೆ ಕಿತ್ತ ಗರಿಯ ಜಾಗದಿಂದ ರಕ್ತ ಹನಿಯಿತು. ಗಾಬರಿಯಾಯಿತು. ಇನ್ನೊಮ್ಮೆ ಆದರೆ ಏನು ಮಾಡಬೇಕು?

ಉತ್ತರ: ಬೆಳೆಯುತ್ತಿರುವ ಗರಿಯ ದಂಟಿನೊಳಗೆ ರಕ್ತನಾಳ ಇರುತ್ತದೆ. ಬುಡ ನೀಲಿಗಪ್ಪಾಗಿ ಕಾಣುವ ಅಂಥ ಬ್ಲಡ್ ಫೆದರ್ ಮುರಿದರೆ ರಕ್ತ ಬರುತ್ತದೆ. ಗಿಳಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿಯಿರಿ, ಆದರೆ ಎದೆ ಒತ್ತಬೇಡಿ. ಹಕ್ಕಿಗಳಿಗೆ ನಮ್ಮ ಹಾಗೆ ಉಸಿರಾಟಕ್ಕೆ ನೆರವಾಗುವ ವಪೆ (ಎದೆ, ಹೊಟ್ಟೆಗಳ ನಡುವಿನ ಸ್ನಾಯು ಪರದೆ) ಇಲ್ಲ, ಎದೆಗೂಡು ಅಲುಗಾಡಿದರೆ ಮಾತ್ರ ಉಸಿರಾಟ. ರಕ್ತ ಬರುವ ಜಾಗಕ್ಕೆ ಸ್ವಚ್ಛ ಬಟ್ಟೆಯನ್ನು ಎರಡು ಮೂರು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮುರಿದ ದಂಟಿನ ತುದಿಗೆ ಕಾರ್ನ್‌ಫ್ಲೋರ್ ಒತ್ತಬಹುದು. ಉಗುರಿನ ರಕ್ತ ನಿಲ್ಲಿಸುವ ಪುಡಿಯನ್ನು ಚರ್ಮಕ್ಕೆ ಹಾಕಬೇಡಿ, ಸುಡುತ್ತದೆ. ಮುರಿದ ಗರಿಯನ್ನು ಇಕ್ಕಳದಿಂದ ಕಿತ್ತುಬಿಡಿ ಎಂಬ ಹಳೆಯ ಸಲಹೆಯನ್ನು ಮನೆಯಲ್ಲಿ ಪಾಲಿಸಬೇಡಿ. ತುಂಬ ನೋವಾಗುತ್ತದೆ, ಗರಿ ಹುಟ್ಟುವ ಕುಳಿಯೇ ಹಾಳಾಗಬಹುದು.

ಎಷ್ಟು ರಕ್ತ ಹೋದರೆ ಅಪಾಯ ಎಂಬುದಕ್ಕೆ ಒಂದು ಲೆಕ್ಕವಿದೆ. 100 ಗ್ರಾಮಿನ ಹಕ್ಕಿಯಲ್ಲಿ ಸುಮಾರು 10 ಮಿಲಿಲೀಟರ್ ರಕ್ತ ಇರುತ್ತದೆ. ಅದರಲ್ಲಿ 1 ಮಿಲಿಲೀಟರ್, ಅಂದರೆ 20 ಹನಿಯಷ್ಟನ್ನು ಆರೋಗ್ಯವಂತ ಹಕ್ಕಿ ತಾಳಿಕೊಳ್ಳುತ್ತದೆ. 35 ಗ್ರಾಮಿನ ಬಜರಿಗರ್‌ಗೆ ಆ ಮಿತಿ ಏಳು ಹನಿ. ಐದು ನಿಮಿಷವಾದರೂ ನಿಲ್ಲದಿದ್ದರೆ, ಗಿಳಿ ಮಂಕಾಗಿ ಗರಿ ಉಬ್ಬಿಸಿ ಕುಳಿತರೆ ತಡಮಾಡದೆ ಹೊರಡಿ. ದಾರಿಯಲ್ಲಿ ಬೆಚ್ಚಗೆ, ಕತ್ತಲಾಗಿ ಇಡಿ.

ಪ್ರಶ್ನೆ: ನಮ್ಮ ಹಳದಿ ಬಿಳಿ ಕಾಕಟೀಲ್‌ನ ಜುಟ್ಟಿನ ಹಿಂದೆ ಬೋಳಾಗಿದೆ. ಒಂದೇ ಹಕ್ಕಿ ಇರುವುದು.

ಉತ್ತರ: ಲುಟಿನೊ ಬಣ್ಣದ ಕಾಕಟೀಲ್‌ಗಳಲ್ಲಿ ಇದು ಹುಟ್ಟಿನಿಂದ, ವಂಶವಾಹಿಯಿಂದ ಬರುವ ಗುಣ. ಚಿಕ್ಕಂದಿನಿಂದ ಹಾಗೆಯೇ ಇದ್ದು, ಚರ್ಮ ನಯವಾಗಿದ್ದರೆ ಚಿಂತೆ ಬೇಡ. ಈಚೆಗೆ ಶುರುವಾಗಿದ್ದರೆ, ಇಲ್ಲವೇ ಹೊಟ್ಟು, ಹುಣ್ಣು ಕಂಡರೆ ತೋರಿಸಿ.

ಪ್ರಶ್ನೆ: ನಮ್ಮ ಹೆಣ್ಣು ಗಿಳಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಹೊಟ್ಟೆಯ ಗರಿ ಕೀಳುತ್ತದೆ. ಆಗ ಬೀರುವಿನ ಸಂದಿಯಲ್ಲಿ ಅಡಗುತ್ತದೆ, ಹತ್ತಿರ ಹೋದರೆ ಕಚ್ಚುತ್ತದೆ.

ಉತ್ತರ: ಇದು ಗೂಡು ಕಟ್ಟುವ ಕಾಲದ ವರ್ತನೆ. ಮೊಟ್ಟೆಗೆ ಕಾವು ತಾಗಲೆಂದು ಹೊಟ್ಟೆ ಬೋಳು ಮಾಡಿಕೊಳ್ಳುವುದುಂಟು. ಜೊತೆಯಿಲ್ಲದಿದ್ದಾಗ, ಮನೆಯವರನ್ನೇ ಸಂಗಾತಿ ಎಂದುಕೊಂಡಾಗ ಈ ಒತ್ತಡ ತಣಿಯದೆ ಉಳಿಯುತ್ತದೆ. ಗೂಡಿನ ಭಾವ ಬರಿಸುವ ಪೆಟ್ಟಿಗೆ, ಬಟ್ಟೆಯ ಗುಡಿಸಲು, ಬೀರುವಿನ ಸಂದಿ, ಸೋಫಾದ ಅಡಿಯನ್ನೆಲ್ಲ ಮುಚ್ಚಿ. ಬೆಳಕು ದಿನಕ್ಕೆ 10ರಿಂದ 12 ಗಂಟೆ ಮೀರದಿರಲಿ. ಕೊಬ್ಬಿನ ಬೀಜ, ಬೆಚ್ಚಗಿನ ಮೆತ್ತನೆಯ ಊಟ ನಿಲ್ಲಿಸಿ. ಸವರುವುದು ತಲೆ ಮತ್ತು ಕತ್ತಿಗೆ ಸೀಮಿತವಾಗಲಿ. ಬೆನ್ನು, ರೆಕ್ಕೆಯ ಅಡಿ, ಬಾಲದ ಬುಡ ಮುಟ್ಟಿದರೆ ಗಿಳಿಗೆ ಅದು ಕೂಡುವಿಕೆಯ ಸಂಕೇತ. ಬೆನ್ನು ಸವರುವುದನ್ನು ಪ್ರೀತಿಯಿಂದಲೇ ಮಾಡುತ್ತೀರಿ, ಆದರೂ ಬಿಡಬೇಕು. ಮೊಟ್ಟೆ ಇಟ್ಟರೆ ಕೂಡಲೇ ತೆಗೆಯಬೇಡಿ, ತೆಗೆದಷ್ಟೂ ಮತ್ತೆ ಇಡುತ್ತದೆ. ಇವೆಲ್ಲ ಮಾಡಿಯೂ ಹೆಚ್ಚಾದರೆ ಹಾರ್ಮೋನ್ ತಗ್ಗಿಸುವ ಚುಚ್ಚುಮದ್ದು ಅಥವಾ ಚರ್ಮದಡಿ ಇಡುವ ಡೆಸ್ಲೊರೆಲಿನ್ ಇಂಪ್ಲಾಂಟ್ ಬಗ್ಗೆ ವೈದ್ಯರನ್ನು ಕೇಳಿ.

ಪ್ರಶ್ನೆ: ಜೊತೆಗೆ ಇನ್ನೊಂದು ಗಿಳಿ ತಂದರೆ ಸರಿಹೋಗುತ್ತದೆಯೇ?

ಉತ್ತರ: ಅದೇ ಉದ್ದೇಶಕ್ಕೆ ತರಬೇಡಿ. ಕೈಯಲ್ಲೇ ಬೆಳೆದ ಗಿಳಿ ಇನ್ನೊಂದನ್ನು ಪೈಪೋಟಿ ಎಂದುಕೊಂಡು ಹೆಚ್ಚು ಕೀಳಬಹುದು. ಎರಡನೆಯದು ನೋಡಿ ಕಲಿಯಬಹುದು, ಒಂದರ ಗರಿಯನ್ನು ಇನ್ನೊಂದು ಕೀಳಲೂಬಹುದು. ಸರ್ಕೋವೈರಸ್ ಪರೀಕ್ಷೆಯಾಗದ ಹಕ್ಕಿಯನ್ನು ತಂದರೆ ರೋಗವೂ ಬರುತ್ತದೆ. ನಿಮಗೇ ಎರಡು ಗಿಳಿ ಸಾಕುವ ಮನಸ್ಸಿದ್ದರೆ ಕನಿಷ್ಠ 30ರಿಂದ 45 ದಿನ ಬೇರೆ ಕೋಣೆಯಲ್ಲಿಟ್ಟು, ಪರೀಕ್ಷೆ ಮಾಡಿಸಿ, ಬೇರೆ ಪಂಜರದಲ್ಲೇ ಪರಿಚಯಿಸಿ.

ಪ್ರಶ್ನೆ: ಮೂರು ವರ್ಷದಿಂದ ಎದೆ ಬೋಳಾಗಿಯೇ ಇದೆ. ಈಗ ಕೀಳುವುದು ಕಡಿಮೆಯಾಗಿದೆ. ಗರಿ ಮತ್ತೆ ಬರುತ್ತದೆಯೇ?

ಉತ್ತರ: ಕುಳಿ ಚೆನ್ನಾಗಿದ್ದರೆ ಕಿತ್ತ ಗರಿಯ ಜಾಗದಲ್ಲಿ ಹೊಸದು ಕೆಲವೇ ವಾರಗಳಲ್ಲಿ ಹುಟ್ಟುತ್ತದೆ. ಕಚ್ಚಿ ತುಂಡಾದ ಗರಿಯ ಬುಡ ಒಳಗೇ ಇರುವುದರಿಂದ ಅದು ಮುಂದಿನ ಸಲ ಗರಿ ಬದಲಾಗುವ ತನಕ ಕಾಯಬೇಕು, ದೊಡ್ಡ ಗಿಳಿಗಳಲ್ಲಿ ಅದಕ್ಕೆ ವರ್ಷವೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಮತ್ತೆ ಮತ್ತೆ ಕಿತ್ತು ಕುಳಿಯಲ್ಲಿ ಗಾಯದ ಕಲೆ ಕಟ್ಟಿದ್ದರೆ ಆ ಜಾಗದಲ್ಲಿ ಬರುವುದಿಲ್ಲ. ಮೂರು ವರ್ಷದ ಬೋಳು ಪೂರ್ತಿ ತುಂಬದಿರಬಹುದು. ಆಫ್ರಿಕನ್ ಗ್ರೇ ಗಿಳಿಗಳಲ್ಲಿ ಬೂದು ಗರಿಯ ಬದಲು ಕೆಂಪು ಗರಿ ಹುಟ್ಟುವುದೂ ಇದೆ.

ಹೊಸ ಗರಿ ಹುಟ್ಟುವ ವಾರಗಳೇ ಅತಿ ಕಷ್ಟದವು. ಮುಳ್ಳಿನಂತೆ ಚುಚ್ಚಿ ತುರಿಸುವ ಪಿನ್ ಫೆದರ್‌ಗಳನ್ನು ಗಿಳಿ ಮತ್ತೆ ಕೀಳಲು ನೋಡುತ್ತದೆ. ಈ ಹೊತ್ತಿನಲ್ಲಿ ತುಂತುರು ಸ್ನಾನವನ್ನು ದಿನಕ್ಕೊಮ್ಮೆಗೆ ಹೆಚ್ಚಿಸಿ, ಹುಡುಕಿ ತಿನ್ನುವ ಊಟವನ್ನೂ ಹೆಚ್ಚಿಸಿ, ಮನೆಯಲ್ಲಿ ದೊಡ್ಡ ಬದಲಾವಣೆ ಏನೂ ಬೇಡ. ತಲೆಯ ಮೇಲಿನ, ಬಿಳಿಯಾಗಿ ಒಣಗಿದ ಕವಚವನ್ನು ಮಾತ್ರ ಬೆರಳ ತುದಿಯಲ್ಲಿ ಮೆಲ್ಲಗೆ ಉಜ್ಜಿ ಬಿಡಿಸಬಹುದು, ಬುಡ ನೀಲಿಯಾಗಿರುವುದನ್ನು ಮುಟ್ಟಬೇಡಿ. ಎರಡು ವಾರಕ್ಕೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಎದೆ ಮತ್ತು ಎರಡೂ ರೆಕ್ಕೆಯ ಒಳಭಾಗದ ಫೋಟೊ ತೆಗೆದಿಡಿ. ದಿನವೂ ನೋಡುವ ಕಣ್ಣಿಗೆ ಸುಧಾರಣೆ ಕಾಣುವುದಿಲ್ಲ, ಹದಗೆಟ್ಟದ್ದೂ ಕಾಣುವುದಿಲ್ಲ. ಮತ್ತೆ ಕೀಳುವುದು ಜಾಸ್ತಿಯಾದರೆ ಹಳೆಯ ಕಾರಣವೇ ಇರಬೇಕು ಎಂದುಕೊಳ್ಳದೆ ತೂಕ, ಹಿಕ್ಕೆ, ರಕ್ತ ಪರೀಕ್ಷೆಗಳನ್ನು ಹೊಸದಾಗಿ ಮಾಡಿಸಿ.